ಗೋಡೆಯ ಮೇಲಿನ ಬರಿಹಣೆ

ಮರುಳಪ್ಪನವರು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕುಸಿದು ಬಿದ್ದರು ಎಂಬ ಸುದ್ದಿ ಜಾವಗಲ್ ತಲುಪಿದ್ದಕ್ಕೂ, ಅವರು ಬಿದ್ದದ್ದು ಮೇಧಿನಿ ಬರೆದ ಗೋಡೆಚಿತ್ರದ ದೆಸೆಯಿಂದಲೇ ಎಂದು ಊರು ತೀರ್ಮಾನಿಸಿದ್ದಕ್ಕೂ ನಡುವೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಇಂಥ ವಿಷಯಗಳಲ್ಲಿ ನಮ್ಮ ಊರುಗಳು ಬಹಳ ಚುರುಕು. ಚರಂಡಿ ಯಾಕೆ ಕಟ್ಟಿಕೊಂಡಿದೆ ಎಂದು ಕೇಳಿದರೆ ವರ್ಷಗಟ್ಟಲೆ ತಲೆ ಕೆರೆದುಕೊಳ್ಳುವ ಜನ, ಯಾರಿಗೆ ಯಾರಿಂದ ಕೆಡುಕಾಯಿತು ಎಂಬುದನ್ನು ಒಂದು ಲೋಟ ಟೀ ಮುಗಿಯುವಷ್ಟರಲ್ಲಿ ಹೇಳಿಬಿಡುತ್ತಾರೆ.

ಮೇಧಿನಿ ಆಗ ಬಸ್ಸಿನಲ್ಲಿದ್ದಳು. ಬೇಲೂರಿನಿಂದ ಹೊರಟ ಬಸ್ಸು ಹಳೇಬೀಡು ದಾಟಿ ಜಾವಗಲ್ ಕಡೆ ತಿರುಗಿತ್ತು. ಕಾಲ ಬಳಿ ಬಣ್ಣದ ಡಬ್ಬಗಳ ಚೀಲ, ತೊಡೆಯ ಮೇಲೆ ಊಟದ ಡಬ್ಬಿ. ಫೋನ್ ಮಾಡಿದವಳು ಮಾದಮ್ಮ. ಜಾವಗಲ್ ಸಂತೆಯಲ್ಲಿ ತರಕಾರಿ ಮಾರುವವಳು, ಗೋಡೆಯ ಕೆಲಸಕ್ಕೆ ಮೊದಲ ದಿನದಿಂದಲೂ ಕೈ ಹಾಕಿದವಳು.

"ಮೇಡಮ್ಮೋರೆ, ಎಲ್ಲಿದ್ದೀರ? ವಿಶಾಲಮ್ಮನ ಯಜಮಾನ್ರು ಬಿದ್ದೋಗವ್ರಂತೆ. ಲಕ್ವ ಅಂತವ್ರೆ. ಮಂಡಿಯಿಂದ ಹಂಗೇ ಹಾಸನದ ಆಸ್ಪತ್ರೆಗೆ ಎತ್ಕಂಡು ಹೋದ್ರು. ಇವತ್ತು ನೀವು ಬರೋದು ಬ್ಯಾಡ."

"ನಾನ್ಯಾಕೆ ಬರಬಾರದು ಮಾದಮ್ಮ?"

"ಬೆಳಿಗ್ಗೆ ಅರಸೀಕೆರೆ ಬಸ್ಸಿಗೆ ನಿಂತಿದ್ದಾಗ ಗೋಡೆ ನೋಡವ್ರೆ. ಚಿತ್ರದಾಗೆ ಹೆಂಡ್ತಿ ಹಣೆ ಬರಿದಾಗಿ ಐತಲ್ಲ, ಅದನ್ನೇ ದಿಟ್ಟಿಸ್ಕಂಡು ನಿಂತಿದ್ರಂತೆ. ಯಾರ ಕೂಟೂ ಮಾತಾಡ್ದಂಗೆ ಬಸ್ ಹತ್ತವ್ರೆ. ಆಮೇಲೆ ಹಿಂಗಾಗೈತೆ. ಮಗ ಚನ್ನೇಶ ಸುಣ್ಣದ ಬಕೀಟು ತರ್ಸವ್ನೆ."

ಮೇಧಿನಿ ಫೋನನ್ನು ಚೀಲಕ್ಕೆ ಹಾಕಿದಳು. ಮುಂದಿನ ಸ್ಟಾಪಿನಲ್ಲಿ ಇಳಿದು ಎದುರಿನ ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದಿತ್ತು. ಕಂಡಕ್ಟರು ಆ ಸ್ಟಾಪಿನ ಹೆಸರು ಕೂಗಿದ. ಅವಳು ಕೂತೇ ಇದ್ದಳು. ಧೈರ್ಯವಂತೆ ಎಂದು ಯಾರೂ ತಪ್ಪು ತಿಳಿಯುವುದು ಬೇಡ. ಇಳಿಯುವುದೋ ಬೇಡವೋ ಎಂದು ಎಣಿಸುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು, ಅಷ್ಟೆ.

ಮೇಧಿನಿಯ ಕಸುಬು ಏನು ಎಂದು ಕೇಳಿದರೆ ಬೇಲೂರಿನಲ್ಲಿ ಅವಳ ಬೀದಿಯವರು ಇವತ್ತಿಗೂ ಸರಿಯಾಗಿ ಹೇಳಲಾರರು. "ಭಾಷ್ಯಂ ಅವರ ಮಗಳು, ಅದೇನೋ ಗೋಡೆ ಬಳೀತಾಳೆ" ಎನ್ನುತ್ತಾರೆ. ತಂದೆ ಭಾಷ್ಯಂ ಗುಡಿಯ ಕೈಂಕರ್ಯದಲ್ಲಿ ಬೆನ್ನು ಬಾಗಿಸಿಕೊಂಡವರು. ಮಗಳು ಚಿತ್ರಕಲೆ ಓದಿ ಬಂದಾಗ, ಯಾವುದಾದರೂ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದಾಳು ಎಂದುಕೊಂಡಿದ್ದರು. ಅವಳು ಕೆಲವು ಕಾಲ ಹಳೇಬೀಡಿನ ಗುಡಿಯ ಅಂಗಳದಲ್ಲಿ ಕೂತು ಶಿಲ್ಪಗಳನ್ನು ಕಾಗದಕ್ಕಿಳಿಸಿದಳು. ಪ್ರವಾಸಿಗಳು ಕೊಂಡರು, ಹೊಗಳಿದರು. ಆದರೆ ನೂರಾರು ವರ್ಷಗಳ ಹಿಂದೆ ಯಾರೋ ಚೆನ್ನಾಗಿಯೇ ಮುಗಿಸಿಟ್ಟು ಹೋದ ಕೆಲಸವನ್ನು ದಿನಾ ಮತ್ತೆ ಮುಗಿಸುವುದು ಅವಳಿಗೆ ಬೇಸರ ತರಿಸಿತು. ಅದೇ ಹೊತ್ತಿಗೆ ಬಸ್ತಿಹಳ್ಳಿಯ ಶಾಲೆಯವರು ಕಾಂಪೌಂಡಿಗೆ ಏನಾದರೂ ಬರೆದುಕೊಡಿ ಎಂದು ಕರೆದರು. ಅವಳು ಆನೆ ಬರೆಯಲು ಶುರುಮಾಡಿದ್ದೇ ತಡ, ಮಕ್ಕಳು ಕುಂಚ ಕಿತ್ತುಕೊಂಡು ಅದಕ್ಕೆ ಹಸಿರು ಬಳಿದರು. ಹಸಿರು ಆನೆ ಅವಳದಕ್ಕಿಂತ ಚೆನ್ನಾಗಿ ಬಂತು. ಅವಳ ಬದುಕು ಅಲ್ಲಿಂದಾಚೆಗೆ ಗೋಡೆಗೆ ಅಂಟಿಕೊಂಡಿತು.

ಶಾಲೆ, ಅಂಗನವಾಡಿ, ಹಾಲಿನ ಡೇರಿ, ಪಂಚಾಯ್ತಿ ಕಟ್ಟೆ. ಎಲ್ಲಿ ಕರೆದರೂ ಹೋಗುವುದು, ಆ ಊರಿನವರು ಹೇಳಿದ್ದನ್ನು ಅವರ ಕೈಯಲ್ಲೇ ಬರೆಸುವುದು. ಕೆಲಸ ಹಬ್ಬದ ಹಾಗೆ ನಡೆಯುತ್ತಿತ್ತು. ಆಮೇಲೆ ಗೋಡೆಗೆ ಗ್ರಹಚಾರ ಕಾಯುತ್ತಿತ್ತು. ಹೆಡ್‌ಮಾಸ್ತರು ವರ್ಗವಾಗಿ ಹೊಸಬರು ಬಂದರೆ ಅವರಿಗೆ ಕೆನೆ ಬಣ್ಣ ಇಷ್ಟ. ಅರೇಹಳ್ಳಿಯಲ್ಲಿ ಬರೆದದ್ದರ ಅರ್ಧ ಒಂದೇ ಮಳೆಗಾಲಕ್ಕೆ ಕರಗಿ ಹೋಯಿತು. ಒಂದು ಊರಿನಲ್ಲಿ, ಚಿತ್ರ ಒಣಗುವ ಮೊದಲೇ ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಏರಿತ್ತು. ಸನ್ಮಾನಕ್ಕೇನೂ ಕೊರತೆಯಿಲ್ಲ. ಮನೆಯಲ್ಲಿ ಶಾಲುಗಳು ಬೀರು ತುಂಬಿ ಅಟ್ಟ ಸೇರಿವೆ. ತಾಯಿ ಶ್ರೀರಂಗಮ್ಮ ಅವುಗಳಲ್ಲಿ ಒಂದನ್ನು ಮಿಕ್ಸಿಗೆ ಹೊದಿಸಿದ್ದಾರೆ. ಹಾಗಂತ ಬರೀ ಗೋಳೇ ಎಂದೂ ಅಲ್ಲ. ಹಳೇಬೀಡಿನಲ್ಲಿ ಒಬ್ಬ ಆಟೋದವನು ಅವಳನ್ನು ಕಂಡಾಗೆಲ್ಲ ಗಾಡಿ ನಿಲ್ಲಿಸಿ, "ನನ್ ಮಗಳು ಬರ್ದ ಮೀನು ಇನ್ನೂ ಐತೆ ಮೇಡಂ" ಎಂದು ಹೇಳಿ ಹೋಗುತ್ತಾನೆ. ಆ ಮಾತು ಅವಳನ್ನು ಒಂದು ವಾರ ನಡೆಸುತ್ತದೆ.

ಜಾವಗಲ್‌ನ ಗೋಡೆ ಮಾತ್ರ ಬೇರೆ. ಸಂತೆ ಮೈದಾನಕ್ಕೆ ಮುಖ ಮಾಡಿದ ಸಮಾಜದ ಭವನ, ಪೂರ್ವದ ಬಿಸಿಲು ನೇರ ಬೀಳುವ ಉದ್ದನೆಯ ಹೊರಗೋಡೆ. ಸಮಿತಿಯ ಅಧ್ಯಕ್ಷ ಬಸವಕುಮಾರ್, ಊರಿನ ಹೆಂಗಸರನ್ನೇ ಬರೆಯೋಣ ಎಂಬ ಅವಳ ಮಾತಿಗೆ ಹೇಗೋ ಒಪ್ಪಿದ್ದ. ಅಲ್ಲಿಯವರೆಗೆ ಅವಳ ಜೊತೆ ಕುಂಚ ಹಿಡಿದು ಕೆಲಸ ಮಾಡಿದವರೆಲ್ಲ ಮಕ್ಕಳು. ದೊಡ್ಡ ಹೆಂಗಸರು ಕೊನೆಯ ದಿನ ತಮ್ಮ ಚಿತ್ರದ ಹಣೆಗೊಂದು ಬೊಟ್ಟಿಟ್ಟು, ಉಳಿದಂತೆ ದೂರ ನಿಂತು ನಕ್ಕು ಹೋಗುತ್ತಿದ್ದರು. ಇಲ್ಲಿ ಅವರು ಬಂದರು. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಒಬ್ಬಳು ನಿಲ್ಲುವುದು, ಗೋಡೆಯ ಮೇಲೆ ಬಿದ್ದ ಅವಳ ನೆರಳಿನ ಅಂಚನ್ನು ಪಕ್ಕದ ಮನೆಯವಳು ಇದ್ದಲಿನಲ್ಲಿ ಎಳೆಯುವುದು. ಸೀರೆಯ ಬಣ್ಣ ಅವಳು ಹೇಳಿದ್ದು. ಕೈಯಲ್ಲಿ ಏನಿರಬೇಕು ಎಂಬುದೂ ಅವಳೇ ಹೇಳಿದ್ದು. ಮಾದಮ್ಮ ತಕ್ಕಡಿ ಕೇಳಿದಳು. ಹುಚ್ಚಮ್ಮ ಎಂಬ ಮುದುಕಿ ಮೊಬೈಲ್ ಫೋನ್ ಬೇಕೇ ಬೇಕು ಎಂದು ಹಟ ಹಿಡಿದಳು. ಮರುಳಪ್ಪನವರ ಹೆಂಡತಿ ವಿಶಾಲಮ್ಮ ಮಾತ್ರ ಏನೂ ಬೇಡ ಎಂದರು. ಕೈ ಖಾಲಿ ಇರಲಿ, ಮನೆಯಲ್ಲಂತೂ ಒಂದು ಗಳಿಗೆ ಖಾಲಿ ಇರುವುದಿಲ್ಲ ಎಂದರು.

ಕಣ್ಣು ಮೂಗು ಮೇಧಿನಿ ಬರೆದಳು. ಹಣೆಯನ್ನು ಬಿಟ್ಟಳು. ಅದು ಅವಳ ನಿಯಮ. ಅರೇಹಳ್ಳಿಯಲ್ಲಿ ಒಮ್ಮೆ ಸಾಲಾಗಿ ಎಲ್ಲ ಹೆಂಗಸರಿಗೂ ದುಂಡು ಕುಂಕುಮ ಇಟ್ಟುಕೊಂಡು ಹೋಗಿದ್ದಳು. ಅವರಲ್ಲಿ ಒಬ್ಬಳ ಗಂಡ ತೀರಿಕೊಂಡಿದ್ದ. ಅವಳ ಅತ್ತೆ ಮನೆಯವರು ಬಂದು ಮಾಡಿದ ರಂಪವನ್ನು ಮೇಧಿನಿ ಇನ್ನೂ ಮರೆತಿಲ್ಲ. ಅಲ್ಲದೆ ತಾನು ಬೇಲೂರಿನ ಅಯ್ಯಂಗಾರರ ಮನೆಯವಳು, ಇವರು ವಿಭೂತಿ ಧರಿಸುವ ಜನ. ಯಾರ ಹಣೆಯ ಮೇಲೆ ಏನು ಬರೆದರೆ ಏನಾಗುತ್ತದೋ ಯಾರು ಬಲ್ಲರು. ಹಾಗಾಗಿ ಕೊನೆಯ ದಿನ ಒಬ್ಬೊಬ್ಬರನ್ನೂ ಕರೆದು ಕುಂಚ ಕೊಡುತ್ತಿದ್ದಳು. ನಿಮ್ಮ ಹಣೆ, ನೀವೇ ಇಟ್ಟುಕೊಳ್ಳಿ. ವಿಭೂತಿಯೋ, ಕುಂಕುಮವೋ, ಅಂಗಡಿಯ ಟಿಕ್ಲಿಯೋ, ಅಥವಾ ಏನೂ ಬೇಡವೋ, ನಿಮ್ಮಿಷ್ಟ. ಹೆಂಗಸರಿಗೆ ಅದು ಬಹಳ ಹಿಡಿಸುತ್ತಿತ್ತು.

ಮುಖ ಮುಗಿದ ಮರುದಿನವೇ ಹಣೆ ಆಗಿಬಿಡುತ್ತಿತ್ತು. ಈ ಸಲ ಬಸವಕುಮಾರ್ ಅಡ್ಡ ಬಂದ. "ಸ್ವಾಮಿಗಳು ಉದ್ಘಾಟನೆಗೆ ಬತ್ತಾರೆ ಮೇಡಂ. ಹಣೆ ಇಡೋದು ಅವರ ಎದುರಿಗೇ ಆಗ್ಲಿ. ಫೋಟೋನೂ ಚೆನ್ನಾಗಿ ಬತ್ತದೆ" ಎಂದ. ಮೇಧಿನಿಯೂ ಹ್ಞೂಂ ಎಂದಳು. ಸ್ವಾಮಿಗಳ ಪ್ರವಾಸ ಮುಂದಕ್ಕೆ ಹೋಯಿತು, ಮತ್ತೂ ಮುಂದಕ್ಕೆ ಹೋಯಿತು. ಕಣ್ಣು ಬಿಟ್ಟುಕೊಂಡು, ಬಣ್ಣದ ಸೀರೆ ಉಟ್ಟುಕೊಂಡು, ಒಂದು ಸಾಲು ಹೆಂಗಸರು ಬರಿಹಣೆಯಲ್ಲಿ ಸಂತೆಯ ಕಡೆ ನೋಡುತ್ತಾ ನಿಂತೇ ಇದ್ದರು. ಅವಳ ಕಣ್ಣಿಗೆ ಅದು ಅರ್ಧ ಉಳಿದ ಕೆಲಸ. ಸಂತೆಗೆ ಬಂದು ಹೋಗುವವರ ಕಣ್ಣಿಗೆ ಅದು ಏನು ಎಂದು ಅವಳಿಗೆ ಹೊಳೆಯಲೇ ಇಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ಮುಖ ತೊಳೆದ ತಕ್ಷಣ ಹಣೆಗಿಡದೆ ಗುಟುಕು ನೀರೂ ಕುಡಿಯದ ಶ್ರೀರಂಗಮ್ಮನ ಮಗಳಿಗೆ ಇದು ಹೊಳೆಯಲಿಲ್ಲ ಎಂದರೆ ಏನು ಹೇಳುವುದು.

ಬಸ್ಸು ಜಾವಗಲ್‌ನಲ್ಲಿ ನಿಂತಾಗ ಭವನದ ಮುಂದೆ ಜನ ಗುಂಪು ಕಟ್ಟಿದ್ದರು. ಅವಳು ಇಳಿದದ್ದನ್ನು ನೋಡಿ ಮಾತು ನಿಂತಿತು. ದಾರಿ ಬಿಟ್ಟರು. ಹಾಗೆ ದಾರಿ ಬಿಡುವುದು ಬೈಗುಳಕ್ಕಿಂತ ಕಷ್ಟ.

ಚನ್ನೇಶ್ ಗೋಡೆಯ ಪಕ್ಕದಲ್ಲಿದ್ದ. ಅಪ್ಪನ ಜೊತೆ ಕೊಬ್ಬರಿ ವ್ಯಾಪಾರ ನೋಡಿಕೊಳ್ಳುವವನು, ಮೂವತ್ತರ ಆಸುಪಾಸು. ಅತ್ತು ಮುಖ ಊದಿತ್ತು. ಕಾಲ ಬಳಿ ಸುಣ್ಣದ ಬಕೆಟ್ಟು, ಅದರೊಳಗೆ ದೊಡ್ಡ ಬ್ರಷ್ಷು.

"ಬನ್ನಿ ಮೇಡಂ" ಎಂದ. "ನೋಡಿ ನಿಮ್ ಕೆಲ್ಸ. ಅಪ್ಪ ಇದ್ದಂಗೇ ಅವ್ವನ್ನ ಹಿಂಗೆ ನಿಲ್ಸಿದ್ದೀರಲ್ಲ, ಯಾವ ಗಂಡಸು ತಡ್ಕೋತಾನೆ?"

"ಚನ್ನೇಶ್, ಅದು ಹಾಗಲ್ಲ. ಹಣೆ ಬಾಕಿ ಇತ್ತು. ಎಲ್ಲರದೂ ಬಾಕಿ ಇದೆ ನೋಡಿ. ಕಾರ್ಯಕ್ರಮದ ದಿನ ಅವರವರೇ…"

"ಬಾಕಿ ಇಡೋ ವಸ್ತುವೇನ್ರೀ ಅದು? ಮದ್ವೆ ಆಗಿದ್ರೆ ಗೊತ್ತಾಗ್ತಿತ್ತು ನಿಮ್ಗೆ."

ಆ ಮಾತು ಅವಳಿಗೆ ನಾಟಿತು. ಮೂವತ್ತಾರು ದಾಟಿದ, ಮದುವೆಯಾಗದ ಹೆಣ್ಣಿಗೆ ಈ ಸೀಮೆಯಲ್ಲಿ ಯಾರು ಬೇಕಾದರೂ ಯಾವಾಗ ಬೇಕಾದರೂ ಎಸೆಯಬಹುದಾದ ಕಲ್ಲು ಅದು. ಅವಳು ಬಸವಕುಮಾರ್ ಕಡೆ ನೋಡಿದಳು. ಹಣೆ ಮುಂದಕ್ಕೆ ಹಾಕಿಸಿದ್ದು ಅವನೇ. ಅವನು ತನ್ನ ಚಪ್ಪಲಿಯ ಉಂಗುಷ್ಠ ಪರೀಕ್ಷಿಸುವುದರಲ್ಲಿ ಮುಳುಗಿದ್ದ. ಅವಳಿಗೆ ಸಿಟ್ಟು ಬಂತು, ಆದರೆ ತಂದೆ ಆಸ್ಪತ್ರೆಯಲ್ಲಿರುವವನ ಎದುರು ತಪ್ಪಿನ ಪಾಲು ಹಂಚುತ್ತಾ ನಿಲ್ಲಲು ಮನಸ್ಸು ಬರಲಿಲ್ಲ.

"ತಪ್ಪಾಯ್ತು" ಎಂದಳು. "ಈಗಲೇ ಮುಗಿಸ್ತೀನಿ. ಯಾರ್ಯಾರು ಇದ್ದೀರೋ ಬನ್ನಿ."

ಹೆಂಗಸರು ಬಂದೇ ಬಂದರು. ತಮ್ಮ ಚಿತ್ರದ ಹಣೆಯೂ ಬರಿದೇ ಇದೆ ಎಂಬುದು ಸುದ್ದಿ ಕೇಳಿದ ಕ್ಷಣದಿಂದ ಅವರೆಲ್ಲರ ತಲೆಯಲ್ಲಿ ಕೂತಿತ್ತು. ಗಂಡ ಹೊಲಕ್ಕೆ ಹೋದವಳು, ಗಂಡ ಲಾರಿಯಲ್ಲಿ ಹೋದವಳು, ಗಂಡ ಮನೆಯಲ್ಲೇ ಗೊರಕೆ ಹೊಡೆಯುತ್ತಿದ್ದವಳು, ಎಲ್ಲರೂ ನೂಕಾಡಿಕೊಂಡು ಕುಂಚಕ್ಕೆ ಕೈ ಚಾಚಿದರು. ನಗುತ್ತಾ ಆಗಬೇಕಿದ್ದ ಕೆಲಸ ಹಲ್ಲು ಕಚ್ಚಿಕೊಂಡು ಆಯಿತು. ಯಾರಿಗೂ ವಿಭೂತಿ ನೆನಪಿಗೆ ಬರಲಿಲ್ಲ, ಟಿಕ್ಲಿ ನೆನಪಿಗೆ ಬರಲಿಲ್ಲ; ದೊಡ್ಡದಾಗಿ, ದೂರಕ್ಕೆ ಕಾಣುವ ಹಾಗೆ, ಕೆಂಪು. ಬಣ್ಣ ಇಳಿದು ಮೂಗಿನವರೆಗೆ ಸೋರಿದರೂ ಒರೆಸಲು ಯಾರೂ ಒಪ್ಪಲಿಲ್ಲ. ಗಂಡ ಸತ್ತ ಹುಚ್ಚಮ್ಮ ಮಾತ್ರ ತನ್ನ ಚಿತ್ರಕ್ಕೆ ವಿಭೂತಿಯ ಗೆರೆ ಎಳೆದು, ದೂರ ಹೋಗಿ ಒಬ್ಬಳೇ ನಿಂತು ನೋಡುತ್ತಿದ್ದಳು.

ಎಲ್ಲ ಮುಗಿದಾಗ, ಗಂಡನ ಜೊತೆ ಆಸ್ಪತ್ರೆಯಲ್ಲಿದ್ದ ವಿಶಾಲಮ್ಮನದೊಂದೇ ಉಳಿಯಿತು. ಅಲ್ಲಿಯವರೆಗೆ ಸಾಲಿನಲ್ಲಿ ಒಂದಾಗಿದ್ದ ಬರಿಹಣೆ ಈಗ ಇಡೀ ಗೋಡೆಯಲ್ಲಿ ಅದೊಂದೇ ಕಾಣುತ್ತಿತ್ತು. ಸಂತೆ ಮೈದಾನದ ಆ ತುದಿಯಿಂದಲೂ ಕಾಣುತ್ತಿತ್ತು.

"ಹಂಗಾರೆ ಅದಕ್ಕೂ ಇಟ್ಬುಡಿ" ಎಂದಳು ಮಾದಮ್ಮ.

ಯಾರೂ ಮುಂದೆ ಬರಲಿಲ್ಲ. ಆಸ್ಪತ್ರೆಯಿಂದ ಇನ್ನೂ ಏನೂ ತಿಳಿದಿರಲಿಲ್ಲ. ಇಲ್ಲಿ ಇಡುವ ಹೊತ್ತಿಗೆ ಅಲ್ಲಿ ಜೀವ ಹೋಗಿದ್ದರೆ? ಆ ಪಾಪ ಯಾರು ಹೊತ್ತುಕೊಳ್ಳುವುದು? ಗುಂಪು ಒಂದು ಹೆಜ್ಜೆ ಹಿಂದಕ್ಕೇ ಸರಿಯಿತು.

ಚನ್ನೇಶ್ ಬ್ರಷ್ಷು ಎತ್ತಿದ. ಸುಣ್ಣ ತೊಟ್ಟಿಕ್ಕಿತು. ಅವ್ವನ ಚಿತ್ರದ ಮುಂದೆ ಹೋಗಿ ನಿಂತ. ಕೈ ಮುಖದ ಮಟ್ಟಕ್ಕೆ ಬಂತು, ಅಲ್ಲೇ ನಿಂತಿತು. ಬಸವಕುಮಾರ್ ಆಗ ಮೊದಲ ಸಲ ಬಾಯಿ ತೆಗೆದ.

"ಬ್ಯಾಡ ಕಣ್ಲಾ. ಅಪ್ಪ ಹಂಗೆ ಮಲಗಿರುವಾಗ ತಾಯಿ ಮಕಕ್ಕೆ ಸುಣ್ಣ ಬಳೀತಾರೇನ್ಲಾ? ಅದಿನ್ನೂ ಅಪಶಕುನ. ನಿಮ್ಮವ್ವ ಬರ್ಲಿ, ಅವ್ರು ಏನಂತಾರೋ ಅದು."

ಚನ್ನೇಶ್ ಬ್ರಷ್ಷನ್ನು ಬಕೆಟ್ಟಿಗೆ ಎಸೆದ. "ನಾಳೆ ಬೆಳಿಗ್ಗೆ ಅವ್ವನ್ನ ಬಟ್ಟೆ ತಗಳಕೆ ಕರ್ಕಂಡು ಬತ್ತೀನಿ. ಅವಳು ಒಂದು ಮಾತು ಅನ್ಲಿ, ಇಡೀ ಗೋಡೆ ಬಳಿಸ್ತೀನಿ. ಒಬ್ಬರ ಮಕಾನೂ ಉಳಿಸಲ್ಲ" ಎಂದು ಬೈಕು ಹತ್ತಿ ಹಾಸನದ ಕಡೆ ಹೋದ. ಬಕೆಟ್ಟು ಗೋಡೆಯ ಬುಡದಲ್ಲೇ ಉಳಿಯಿತು.

ಜನ ಚದುರಿದ ಮೇಲೆ ಬಸವಕುಮಾರ್ ಹತ್ತಿರ ಬಂದ. "ಮೇಡಂ, ಯಾರೂ ಇಲ್ಲ. ಒಂದು ಬೊಟ್ಟು ಇಟ್ಬುಡಿ. ಇಟ್ಟಿದ್ದು ನೋಡಿದ್ರೆ ಹುಡುಗನೂ ತಣ್ಣಗಾಗ್ತಾನೆ. ಇಲ್ದಿದ್ರೆ ಈ ಗೋಡೆ ಹೋತು ಅಂತ್ಲೇ ತಿಳ್ಕಳಿ. ಇದೊಂದೇ ಅಲ್ಲ, ಅರಸೀಕೆರೆ ಕಡೆ ನಿಮ್ಮನ್ನ ಇನ್ಯಾರು ಕರೀತಾರೆ?"

ಅವನು ಹೇಳಿದ್ದು ನಿಜವೇ. ಮೇಧಿನಿ ಕುಂಚಕ್ಕೆ ಕೆಂಪು ಅದ್ದಿದಳು. ವಿಶಾಲಮ್ಮನ ಹಣೆಯ ಹತ್ತಿರ ಕೈ ಹೋಯಿತು. ಒಂದು ಕೂದಲೆಳೆಯಷ್ಟು ದೂರದಲ್ಲಿ ಕೈ ತಡೆದಳು. ಆಮೇಲೆ ಕುಂಚ ನೀರಿಗೆ ಹಾಕಿ, "ಅವರೇ ಬರಲಿ" ಎಂದಳು. ನಿಯಮ ಉಳಿಸಿದಳೋ, ಹೆದರಿ ಹಿಂದೆ ಸರಿದಳೋ, ಅವಳಿಗೇ ಗೊತ್ತಾಗಲಿಲ್ಲ.

ಸಂಜೆ ಬೇಲೂರಿನ ಮನೆಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಭಾಷ್ಯಂ ಜಗುಲಿಯಲ್ಲಿ ಕಾಯುತ್ತಿದ್ದರು.

"ನಾಳೆ ಹೋಗಬೇಡ" ಎಂದರು.

"ಹೋಗಲೇಬೇಕು ಅಪ್ಪ."

"ಅವರ ಗೋಡೆ, ಅವರು ಬಳ್ಕೋತಾರೆ. ನಿನ್ನ ಮೈಮೇಲೆ ಕೈ ಮಾಡಿದ್ರೆ ಕೇಳೋರು ಯಾರು? ಇಷ್ಟು ವರ್ಷ ಊರೂರು ಸುತ್ತಿದ್ದೀಯ, ಬೇಡ ಅನ್ನಲಿಲ್ಲ. ನಿನ್ನದು ಅಂತ ಒಂದು ಗೋಡೆ ಉಳಿದಿದೆಯಾ ಹೇಳು."

ಅವಳು ಚೀಲ ಇಳಿಸಿ ಬಣ್ಣದ ಡಬ್ಬಗಳ ಮುಚ್ಚಳ ಬಿಗಿ ಮಾಡುತ್ತಾ ಕೂತಳು. ಶ್ರೀರಂಗಮ್ಮ ಮಜ್ಜಿಗೆ ತಂದಿಟ್ಟರು. ಮಗಳು ಅಮ್ಮನ ಹಣೆಯನ್ನೇ ನೋಡಿದಳು, ಲೋಟವನ್ನು ಹಾಗೇ ಪಕ್ಕಕ್ಕೆ ಸರಿಸಿದಳು.

ಮರುದಿನ ಮೊದಲ ಬಸ್ಸಿಗೆ ಹೊರಟಳು. ಜಾವಗಲ್‌ನಲ್ಲಿ ಇಳಿದಾಗ ಬಿಸಿಲು ಗೋಡೆಗೆ ಆಗತಾನೇ ತಾಗಿತ್ತು. ಮೈದಾನ ಖಾಲಿ. ಬಕೆಟ್ಟಿನ ಸುಣ್ಣದ ಮೇಲೆ ರಾತ್ರಿ ಕಸ ಬಿದ್ದಿತ್ತು. ಗೋಡೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಆಸ್ಪತ್ರೆಯಲ್ಲಿ ಮುದುರಿದ ಸೀರೆ, ಬಾಚದ ತಲೆ. ಹತ್ತಿರ ಬಂದ ಮೇಲೆಯೇ ಅದು ವಿಶಾಲಮ್ಮ ಎಂದು ತಿಳಿದದ್ದು. ಚನ್ನೇಶ್ ಕಾಣಲಿಲ್ಲ.

"ಹೇಗಿದ್ದಾರೆ ಅಮ್ಮಾ?" ಎಂದಳು ಮೇಧಿನಿ.

"ಜೀವಕ್ಕೆ ಭಯ ಇಲ್ಲ ಅಂದ್ರು. ಬಲಗಡೆ ಕೈಕಾಲು ಬಿದ್ದೋಗೈತೆ. ಮಾತು ನಿಂತೋಗೈತೆ." ವಿಶಾಲಮ್ಮ ತಿರುಗಿ ನೋಡಲಿಲ್ಲ. "ಚನ್ನೇಶ ಮನೆಗೆ ಬಿಟ್ಟು ಕಾರಿಗೆ ಪೆಟ್ರೋಲ್ ಹಾಕ್ಸಕ್ಕೆ ಹೋದ. ನಾನು ಹಿತ್ತಲ ಬಾಗ್ಲಲ್ಲಿ ಬಂದೆ."

"ನನ್ನಿಂದ ತಪ್ಪಾಯ್ತು ಅಮ್ಮಾ. ಅಷ್ಟು ದಿನ ಬಿಡಬಾರದಿತ್ತು. ನಿಮಗೆ ಎಷ್ಟು ಸಂಕಟ ಆಯ್ತೋ."

"ಎಲ್ರೂ ಅದೇ ಅಂತವ್ರೆ. ವಿಶಾಲಮ್ಮ ತನ್ನ ಬರಿ ಹಣೆ ನೋಡಿ ಸಂಕಟ ಪಟ್ಕಂಡ್ಳು ಅಂತ." ಅವರು ಚಿತ್ರದ ಖಾಲಿ ಕೈಯನ್ನು ಮುಟ್ಟಿದರು. "ಮೊನ್ನೆ ಸಂಜೆ ಹೂವ ತರಕೆ ಬಂದೋಳು ಇಲ್ಲೇ ನಿಂತ್ಕಂಡು ನೋಡ್ದೆ ಕಣಮ್ಮ. ಭಾಳಾ ಹೊತ್ತು ನೋಡ್ದೆ. ನಂಗೆ ಸಂಕಟ ಆಗ್ಲಿಲ್ಲ. ಹಗುರ ಆಯ್ತು."

ಮೇಧಿನಿ ಚೀಲ ಕೆಳಗಿಟ್ಟು ಅವರ ಪಕ್ಕಕ್ಕೆ ಬಂದಳು.

"ಅವ್ರು ಕೆಟ್ಟೋರಲ್ಲ. ಒಂದಿನ ಕೈ ಎತ್ತಿದೋರಲ್ಲ. ಆದ್ರೆ ನಾನು ಹೊಸ್ಲು ದಾಟಿದ್ರೆ ಸಾಕು, 'ಎಲ್ಲಿಗೆ' ಅನ್ನೋರು. ನೀರಿಗೆ ಹೋದ್ರೂ ಎಲ್ಲಿಗೆ, ಹಿತ್ತಲಿಗೆ ಹೋದ್ರೂ ಎಲ್ಲಿಗೆ. ಮದ್ವೆ ಆದ ದಿನದಿಂದ್ಲೂ. ಇಲ್ಲಿ ನಿಂತಿರೋಳನ್ನ ಯಾರೂ ಕೇಳೋರಿಲ್ಲ ಅನ್ನುಸ್ತು. ಹಿಂಗೇ ಇದ್ಬುಟ್ರೆ ಎಷ್ಟು ಚೆಂದ ಅನ್ನುಸ್ತು. ಒಂದೇ ಗಳಿಗೆ, ಆಮೇಲೆ ಹೂವ ತಗಂಡು ಮನೆಗೆ ಹೋದೆ. ಬೆಳಗಾದ್ರೆ ಹಿಂಗಾಯ್ತು." ಅವರು ಸುಣ್ಣದ ಬಕೆಟ್ಟಿನ ಕಡೆ ನೋಡಿದರು. "ಜನ ಗೋಡೆ ಮ್ಯಾಲೆ ಗೂಬೆ ಕೂರುಸ್ತಾವ್ರೆ. ಯಾರಿಂದ ಆಯ್ತು ಅಂತ ನಂಗೆ ಗೊತ್ತೈತಲ್ಲ."

"ಮನಸ್ಸಿಗೆ ಒಂದು ಗಳಿಗೆ ಅನ್ನಿಸಿದ್ದಕ್ಕೆ ಯಾರಿಗೂ ಏನೂ ಆಗಲ್ಲ ಅಮ್ಮಾ."

"ಡಾಕ್ಟ್ರೂ ಅಂದ್ರು, ಬಿಪಿ ಮಾತ್ರೆ ಬಿಟ್ಟಿದ್ರು, ಅದಕ್ಕೇ ಅಂತ. ತಲೆಗೆ ಅರ್ಥ ಆಯ್ತದೆ." ಈಗ ಅವರು ಮೇಧಿನಿಯ ಕಡೆ ತಿರುಗಿದರು. "ಚನ್ನೇಶ ಈಗ ಬತ್ತಾನೆ. ನಾನು ಏನಂತೀನೋ ಅದು ಮಾಡ್ತಾನೆ. ನೀನು ಹೇಳು. ಇಡ್ಲಾ, ಬಿಡ್ಲಾ?"

"ಹಣೆ ನಿಮ್ಮದು. ನೀವು ಹೇಗೆ ಹೇಳ್ತೀರೋ ಹಾಗೆ."

"ಹಂಗಂದು ತಪ್ಪಿಸ್ಕಬ್ಯಾಡ. ನಿನ್ನ ಕೇಳ್ತಿರೋದು ನಾನು."

ಮೇಧಿನಿಗೆ ಕೆನ್ನೆಗೆ ಬಿಟ್ಟಂತಾಯಿತು. ಇಷ್ಟು ವರ್ಷ ದೊಡ್ಡ ಗೌರವವೆಂದು ಹೇಳಿಕೊಂಡು ಬಂದ ನಿಯಮ ಎಂಥದು ಎಂದು ಈಗ ಕಂಡಿತು. ಹಣೆ ಅವರದು ಎಂದರೆ ಬೈಗುಳವೂ ಅವರದೇ; ತನ್ನ ಕೈ ಸ್ವಚ್ಛ. ಅರೇಹಳ್ಳಿಯ ರಂಪದ ದಿನದಿಂದ ಅವಳು ಆ ನಿಯಮದ ಮರೆಯಲ್ಲಿ ಅಡಗಿಕೊಂಡೇ ಬಂದಿದ್ದಳು. ಇಡಿ ಅಮ್ಮಾ ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಗೋಡೆ ಉಳಿಯುತ್ತದೆ, ಸ್ವಾಮಿಗಳು ಬರುತ್ತಾರೆ, ಇನ್ನೊಂದು ಶಾಲು ಬರುತ್ತದೆ. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಎದುರಿಗಿದ್ದ ಮುಖ ಅದನ್ನು ಕೇಳಲು ಬಂದಿರಲಿಲ್ಲ. ಆ ಮಾತನ್ನು ಹೇಳುವವರು ಊರು ತುಂಬ ಇದ್ದರು.

ಮೈದಾನದ ಆಚೆ ಕಾರಿನ ಹಾರ್ನ್ ಕೇಳಿಸಿತು.

"ಇಡಬೇಡಿ" ಎಂದಳು ಮೇಧಿನಿ. "ನಿಮಗೆ ಹಗುರವಾಗಿದ್ದು ತಪ್ಪಲ್ಲ ಅಮ್ಮಾ. ಹಾಗೇ ಇರಲಿ. ಗೋಡೆ ಹೋದರೆ ಹೋಗಲಿ, ನಾನು ಎದುರು ನಿಂತು ಬಳಿಸ್ತೀನಿ."

ವಿಶಾಲಮ್ಮ ಅವಳನ್ನೇ ನೋಡಿದರು. ಕಣ್ಣು ತುಂಬಿ ಬಂತು, ಸೆರಗಿನಿಂದ ಮುಖವನ್ನೆಲ್ಲ ಒರೆಸಿಕೊಂಡರು. "ಒಬ್ರಾದ್ರೂ ಅಂದ್ರಲ್ಲ" ಎಂದರು. ಆಮೇಲೆ ಕೈ ಚಾಚಿದರು. "ಕೆಂಪು ಕೊಡಿಲ್ಲಿ."

"ಅಮ್ಮಾ, ನಾನು ಹೇಳಿದ್ದು…"

"ಕೇಳುಸ್ತು ಕಣಮ್ಮ. ಅಷ್ಟು ಸಾಕು ನಂಗೆ. ನನ್ನೊಬ್ಬಳ ಸಲುವಾಗಿ ಅವ್ರೆಲ್ರ ಮಕಕ್ಕೂ ಯಾಕೆ ಸುಣ್ಣ? ಕೊಡು, ಅವನು ಬಂದ."

ಮೇಧಿನಿ ಡಬ್ಬದ ಮುಚ್ಚಳ ತೆಗೆಯಲು ಹೋಗಿ ಕೈ ಜಾರಿ ಕೆಂಪು ಚೆಲ್ಲಿಕೊಂಡಳು. ವಿಶಾಲಮ್ಮ ಕುಂಚ ಮುಟ್ಟಲಿಲ್ಲ. ಉಂಗುರದ ಬೆರಳನ್ನು ಬಣ್ಣದಲ್ಲಿ ಅದ್ದಿ, ಮನೆಯ ಕನ್ನಡಿಯ ಮುಂದೆ ದಿನಾ ಇಟ್ಟುಕೊಳ್ಳುವ ಹಾಗೆ, ಗೋಡೆಯ ಹಣೆಗೆ ಒತ್ತಿದರು. ಉಳಿದವರ ಸೋರಿದ ಕುಂಕುಮಗಳ ನಡುವೆ ಅದೊಂದು ಅಚ್ಚುಕಟ್ಟಾಗಿತ್ತು.

ಕಾರು ನಿಂತಿತು. ಚನ್ನೇಶ್ ಬಾಗಿಲು ದಡಾರನೆ ಹಾಕಿ ಓಡಿ ಬಂದ.

"ಎಲ್ಲಿಗವ್ವ ಹೋಗಿದ್ದೆ?" ಎಂದ. "ಮನೆಯೆಲ್ಲ ಹುಡುಕ್ದೆ. ಹೇಳದೆ ಕೇಳದೆ ಎಲ್ಲಿಗೆ ಬಂದ್ಬುಡ್ತೀಯ ನೀನು?"

ವಿಶಾಲಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. 'ಎಲ್ಲಿಗೆ' ಎಂಬ ಮಾತಿಗೆ ಮೇಧಿನಿಯ ಮುಖವನ್ನು ಒಮ್ಮೆ ನೋಡಿದರು. ಅಷ್ಟರಲ್ಲಿ ಚನ್ನೇಶ್‌ನ ಕಣ್ಣು ಗೋಡೆಗೆ ಹೋಯಿತು. ಅವನ ಮುಖ ಸಡಿಲವಾಯಿತು, ಮಗುವಿನ ಹಾಗೆ ಮೂಗು ಏರಿಸಿಕೊಂಡ. ಬಕೆಟ್ಟನ್ನು ತಾನೇ ಎತ್ತಿ ಚರಂಡಿಗೆ ಸುರಿದ. "ತಪ್ಪು ತಿಳ್ಕಬ್ಯಾಡಿ ಮೇಡಂ, ನಿನ್ನೆ ತಲೆ ಕೆಟ್ಟೋಗಿತ್ತು" ಎಂದ. ಅವ್ವನ ಕೈ ಹಿಡಿದು ಕಾರಿಗೆ ಕರೆದುಕೊಂಡು ಹೋದ.

ಕಾರು ಹಾಸನದ ದಾರಿಗೆ ತಿರುಗುವವರೆಗೂ ಮೇಧಿನಿ ನಿಂತಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಬಸವಕುಮಾರ್ ಬಂದ, ಗೋಡೆ ನೋಡಿ ಅರಳಿದ, ನಾನು ಹೇಳಲಿಲ್ಲವೇ ಎಂದ, ಸ್ವಾಮಿಗಳ ಹೊಸ ದಿನಾಂಕಕ್ಕೆ ಅಲ್ಲೇ ನಿಂತು ಫೋನ್ ಹಚ್ಚಿದ. ಮಾದಮ್ಮ ತಕ್ಕಡಿ ಕೆಳಗಿಟ್ಟು ಬಂದು ಗೋಡೆಗೂ ಮೇಧಿನಿಗೂ ಸೇರಿಸಿ ದೃಷ್ಟಿ ತೆಗೆದಳು. ಅವಳ ಗೋಡೆಗಳಲ್ಲಿ ಒಂದಕ್ಕೆ ಈ ಸಲ ಆಯುಸ್ಸು ಸಿಕ್ಕಿತ್ತು. ಬನ್ನಿ, ಟೀ ಕುಡಿಯೋಣ ಎಂದು ಎಲ್ಲರೂ ಕರೆದರು. ಮೇಧಿನಿ ನಲ್ಲಿಯ ಕೆಳಗೆ ಕೂತು ಕೈಯ ಕೆಂಪು ತೊಳೆಯುತ್ತಾ ಅಳುತ್ತಿದ್ದಳು. ಗೋಡೆ ಉಳಿದ ಖುಷಿಗೆ ಅಳುತ್ತಿದ್ದಾಳೆ ಎಂದು ಅವರು ತಿಳಿದುಕೊಂಡರು, ಅವಳು ಅಲ್ಲವೆನ್ನಲಿಲ್ಲ.